ರೋಮಿನ ಹದ್ದೂ ಬಳ್ಳಿಗಾವೆಯ ಗಂಡಭೇರುಂಡವೂ

ಸಂಸ್ಕೃತ ನಿಘಂಟುಗಳಲ್ಲಿ ಸೇನೆಗೆ ಹೇಳಿರುವ ಹೆಸರುಗಳ ಪೈಕಿ ‘ಧ್ವಜಿನೀ’ ಎಂಬುದೊಂದು. ಯಾವುದಕ್ಕೆ ಧ್ವಜವುಂಟೋ ಅದು ಸೇನೆ ಎಂಬುದು ಆ ಶಬ್ದದ ಅರ್ಥ. ಆಯುಧ ಹಿಡಿದ ಸಾವಿರ ಜನರು ಒಂದು ಬಯಲಿನಲ್ಲಿ ನೆರೆದ ಮಾತ್ರಕ್ಕೆ ಸೇನೆಯಾಗುವುದಿಲ್ಲ. ಅವರೆಲ್ಲರ ಕಣ್ಣು ಒಂದೇ ಗುರುತಿನ ಕಡೆಗೆ ತಿರುಗಿದಾಗ ಮಾತ್ರ ಅದು ಸೇನೆಯೆನಿಸುವುದು ಎಂಬ ಭಾವವು ಆ ಹೆಸರಿನಲ್ಲಿ ಅಡಗಿರುತ್ತದೆ. ಮಹಾಭಾರತದ ಯುದ್ಧವರ್ಣನೆಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಅರ್ಜುನನಿಗೆ ಕಪಿಧ್ವಜ, ಭೀಷ್ಮನಿಗೆ ತಾಳಧ್ವಜ, ದುರ್ಯೋಧನನಿಗೆ ಸರ್ಪಧ್ವಜ, ದ್ರೋಣನಿಗೆ ವೇದಿಕೆಯ ಮೇಲಿನ ಕಮಂಡಲು. ಧೂಳೆದ್ದ ರಣರಂಗದಲ್ಲಿ ಮುಖವು ಕಾಣದಿದ್ದಾಗಲೂ ಧ್ವಜವು ಕಾಣುತ್ತಿತ್ತು. ಧ್ವಜವು ಕಡಿದು ಬಿದ್ದರೆ ರಥಿಕನು ಬಿದ್ದನೆಂದು ಅವನ ಕಡೆಯವರು ಎದೆಗುಂದುತ್ತಿದ್ದರು.

ಆದರೆ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯೊಂದುಂಟು. ಧ್ವಜವು ಯಾರ ಸೊತ್ತು? ಅದನ್ನು ಎತ್ತಿಸಿದ ಅರಸನದೋ, ಅದರ ಅಡಿಯಲ್ಲಿ ನಿಂತು ಪ್ರಾಣ ಕೊಡುವ ದಂಡಿನದೋ? ಅರಸನೂ ಅಳಿದು ದಂಡೂ ಚದರಿಹೋದ ಮೇಲೆ ಆ ಗುರುತಿನ ಗತಿಯೇನು? ಪ್ರಾಚೀನ ರೋಮನರು ಈ ಪ್ರಶ್ನೆಗೆ ಒಂದು ಬಗೆಯಾಗಿ ಉತ್ತರ ಕೊಟ್ಟರು. ಕನ್ನಡನಾಡಿನ ಅರಸರು ಇನ್ನೊಂದು ಬಗೆಯಾಗಿ ಕೊಟ್ಟರು. ಈ ಎರಡಕ್ಕೂ ಸೇರದ ಮೂರನೆಯ ಉತ್ತರವೊಂದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕಲ್ಲಿನ ಕಂಬವಾಗಿ ನಿಂತಿದೆ. ಮೂರನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದರೆ ಆ ಕಂಬದ ಬೆಲೆಯು ಚೆನ್ನಾಗಿ ತಿಳಿಯುವುದು.

ರೋಮನರ ಸೇನೆಯ ಮುಖ್ಯ ಘಟಕಕ್ಕೆ ಲೀಜನ್ ಎಂದು ಹೆಸರು. ಭಾರತೀಯ ಗ್ರಂಥಗಳಲ್ಲಿ ಪತ್ತಿ, ಸೇನಾಮುಖ, ಗುಲ್ಮ, ಗಣ, ವಾಹಿನೀ ಎಂದು ಗುಣಿಸುತ್ತ ಅಕ್ಷೌಹಿಣಿಯವರೆಗೆ ಲೆಕ್ಕವನ್ನು ಏರಿಸಿರುವಂತೆ ರೋಮನರಲ್ಲಿಯೂ ಒಂದು ಗಣನೆಯಿತ್ತು. ಸಾಮ್ರಾಜ್ಯಕಾಲದಲ್ಲಿ ಸುಮಾರು 80 ಆಳುಗಳ ಪಡೆಗೆ ಒಬ್ಬ ನಾಯಕ; ಅಂಥ 6 ಪಡೆಗಳು ಸೇರಿದರೆ ಒಂದು ಕೋಹೋರ್ಟ್; 10 ಕೋಹೋರ್ಟುಗಳು ಸೇರಿದರೆ ಒಂದು ಲೀಜನ್. ಹೀಗೆ ಒಂದೊಂದು ಲೀಜನ್ನಿನಲ್ಲಿ ಸುಮಾರು ಐದು ಸಾವಿರ ಕಾಲಾಳುಗಳಿದ್ದರು. ಪ್ರತಿಯೊಂದು ಲೀಜನ್ನಿಗೂ ಒಂದು ಸಂಖ್ಯೆ, ಬಹುಮಟ್ಟಿಗೆ ಒಂದು ಹೆಸರು, ತನ್ನದೇ ಆದ ಕೀರ್ತಿ ಅಥವಾ ಅಪಕೀರ್ತಿ ಇರುತ್ತಿದ್ದಿತು. ಚಕ್ರವರ್ತಿಗಳು ಬಂದು ಹೋಗುತ್ತಿದ್ದರು. ಲೀಜನ್ ಮಾತ್ರ ಉಳಿಯುತ್ತಿದ್ದಿತು.

ಮೊದಲು ರೋಮನರ ದಂಡಿನ ಮುಂದೆ ಐದು ಪ್ರಾಣಿಗಳ ಗುರುತುಗಳನ್ನು ಒಯ್ಯುವ ಪದ್ಧತಿಯಿತ್ತೆಂದು ಅವರ ಗ್ರಂಥಕಾರನಾದ ಪ್ಲೀನಿಯು ಬರೆದಿರುವನು: ಹದ್ದು, ತೋಳ, ಗೂಳಿಯ ತಲೆಯುಳ್ಳ ನರ, ಕುದುರೆ ಮತ್ತು ಹಂದಿ. ಕ್ರಿ.ಪೂ. 104ರಲ್ಲಿ ಎರಡನೆಯ ಸಲ ಕಾನ್ಸಲ್ ಪದವಿಗೆ ಬಂದ ಮೇರಿಯಸ್ ಎಂಬ ಸೇನಾನಿಯು ಉಳಿದ ನಾಲ್ಕನ್ನೂ ಬಿಡಿಸಿ, ಹದ್ದೊಂದನ್ನೇ ಲೀಜನ್ನಿನ ಲಾಂಛನವನ್ನಾಗಿ ಮಾಡಿದನು. ಎತ್ತರದ ಕೋಲಿನ ತುದಿಯಲ್ಲಿ ರೆಕ್ಕೆಯೆತ್ತಿದ ಲೋಹದ ಹದ್ದು. ಅದನ್ನು ಹೊರುವುದಕ್ಕೆ ಪರಾಕ್ರಮಕ್ಕೆ ಹೆಸರಾದ ಒಬ್ಬ ಭಟ. ಅದರ ರಕ್ಷಣೆಗೆ ಮೊದಲನೆಯ ಕೋಹೋರ್ಟ್. ಪಾಳೆಯದ ನಡುವೆ ಒಂದು ಗುಡಿಯಂಥ ಸ್ಥಳವನ್ನು ಮಾಡಿ ಅದನ್ನು ಇಡುತ್ತಿದ್ದರು. ಹಬ್ಬದ ದಿನಗಳಲ್ಲಿ ಸುಗಂಧತೈಲವನ್ನು ಹಚ್ಚಿ ಪೂಜಿಸುತ್ತಿದ್ದರು. ಉತ್ಸವಮೂರ್ತಿಯ ಮುಂದೆ ನಡೆವ ಭಕ್ತರಿಗೆ ಆ ಮೂರ್ತಿಯಲ್ಲಿ ಎಂಥ ಭಾವವಿರುವುದೋ ರೋಮಿನ ಭಟನಿಗೆ ಆ ಹದ್ದಿನಲ್ಲಿ ಹೆಚ್ಚುಕಡಮೆ ಅಂಥದೇ ಭಾವವಿತ್ತು.

ಇದಕ್ಕೆ ಒಂದು ನಿದರ್ಶನವನ್ನು ಜೂಲಿಯಸ್ ಸೀಸರನೇ ಬರೆದಿಟ್ಟಿರುವನು. ಕ್ರಿ.ಪೂ. 55ರಲ್ಲಿ ಅವನ ಹಡಗುಗಳು ಬ್ರಿಟನ್ ದ್ವೀಪದ ತೀರವನ್ನು ಮುಟ್ಟಿದಾಗ ನೀರಿನ ಆಳಕ್ಕೂ ದಡದ ಮೇಲಿದ್ದ ಶತ್ರುಗಳಿಗೂ ಅಂಜಿ ಭಟರು ಕೆಳಗಿಳಿಯಲು ಹಿಂಜರಿದರು. ಆಗ ಹತ್ತನೆಯ ಲೀಜನ್ನಿನ ಹದ್ದನ್ನು ಹೊತ್ತವನು ದೇವತೆಗಳನ್ನು ಪ್ರಾರ್ಥಿಸಿ, ಹದ್ದನ್ನು ಶತ್ರುಗಳ ಕೈಗೆ ಒಪ್ಪಿಸುವ ಮನಸ್ಸಿದ್ದರೆ ನಿಂತಲ್ಲಿಯೇ ನಿಲ್ಲಿರೆಂದು ಜೊತೆಯವರಿಗೆ ಕೂಗಿ ಹೇಳಿ, ಒಬ್ಬನೇ ನೀರಿಗೆ ಧುಮುಕಿದನು. ಮರುಕ್ಷಣದಲ್ಲಿಯೇ ಉಳಿದವರೆಲ್ಲರೂ ಅವನ ಹಿಂದೆ ಧುಮುಕಿದರು. ಆ ಭಟನ ಹೆಸರನ್ನು ಸೀಸರನು ಬರೆದಿಲ್ಲ. ಹೊತ್ತವನ ಹೆಸರಿಗಿಂತ ಹೊರಲ್ಪಟ್ಟ ವಸ್ತುವೇ ದೊಡ್ಡದೆಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಹೀಗಿದ್ದುದರಿಂದ ಹದ್ದನ್ನು ಕಳೆದುಕೊಳ್ಳುವುದು ಯುದ್ಧದಲ್ಲಿ ಸೋಲುವುದಕ್ಕಿಂತಲೂ ಘೋರವಾದ ಅವಮಾನವಾಗಿತ್ತು. ಕ್ರಿ.ಪೂ. 53ರಲ್ಲಿ ಕ್ರಾಸಸ್ಸನು ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋಗಿ ಕಾರ್‍ಹೇ ಎಂಬಲ್ಲಿ ಸೋತು ಸತ್ತನು; ಅವನ ಲೀಜನ್ನುಗಳ ಲಾಂಛನಗಳು ಶತ್ರುಗಳ ವಶವಾದುವು. ಮೂವತ್ತಮೂರು ವರ್ಷಗಳ ಬಳಿಕ, ಕ್ರಿ.ಪೂ. 20ರಲ್ಲಿ, ಆಗಸ್ಟಸ್ ಚಕ್ರವರ್ತಿಯು ಯುದ್ಧವಿಲ್ಲದೆ ಸಂಧಾನದಿಂದಲೇ ಅವುಗಳನ್ನು ಹಿಂದಕ್ಕೆ ಪಡೆದನು. ಹೊಸದೊಂದು ದೇಶವನ್ನು ಗೆದ್ದಷ್ಟು ಸಂಭ್ರಮದಿಂದ ರೋಮ್ ನಗರವು ಅದನ್ನು ಕೊಂಡಾಡಿತು. ನಾಣ್ಯಗಳ ಮೇಲೆ ಆ ಸಂಗತಿಯನ್ನು ಅಚ್ಚೊತ್ತಿಸಿದರು. ಕೊನೆಗೆ ಅವುಗಳನ್ನು ಯುದ್ಧದೇವತೆಯಾದ ಮಾರ್ಸನ ಗುಡಿಯಲ್ಲಿರಿಸಿದರು.

ಆದರೆ ಅದೇ ಆಗಸ್ಟಸ್ಸನ ಮುಪ್ಪಿನಲ್ಲಿ ಇದಕ್ಕಿಂತ ದೊಡ್ಡ ವಿಪತ್ತು ಬಂದೊದಗಿತು. ಕ್ರಿ.ಶ. 9ರಲ್ಲಿ ವೇರಸ್ ಎಂಬ ಅಧಿಪತಿಯು ಮೂರು ಲೀಜನ್ನುಗಳೊಡನೆ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ಸಾಗುತ್ತಿರುವಾಗ, ರೋಮನ್ ಸೈನ್ಯದಲ್ಲಿಯೇ ಯುದ್ಧವಿದ್ಯೆಯನ್ನು ಕಲಿತ ಆರ್ಮಿನಿಯಸ್ಸನು ತನ್ನ ಜನರೊಡನೆ ಮೇಲೆ ಬಿದ್ದು ಅವುಗಳನ್ನು ನಿರ್ಮೂಲ ಮಾಡಿದನು. 17, 18 ಮತ್ತು 19ನೆಯ ಲೀಜನ್ನುಗಳು ಹೀಗೆ ಅಳಿದುವು. ಮೂರು ಹದ್ದುಗಳೂ ಹೋದುವು. ಮುದಿ ಚಕ್ರವರ್ತಿಯು ತಿಂಗಳುಗಟ್ಟಲೆ ಕ್ಷೌರವನ್ನೂ ಮಾಡಿಸಿಕೊಳ್ಳದೆ, ತಲೆಯನ್ನು ಬಾಗಿಲಿಗೆ ಬಡಿದುಕೊಂಡು, ವೇರಸ್ಸನ ಹೆಸರು ಹಿಡಿದು ಲೀಜನ್ನುಗಳನ್ನು ಹಿಂದಕ್ಕೆ ಕೊಡೆಂದು ಗೋಳಾಡಿದನೆಂದು ಸ್ವೆಟೋನಿಯಸ್ಸನು ಬರೆದಿರುವನು. ಕ್ರಿ.ಶ. 15 ಮತ್ತು 16ರಲ್ಲಿ ಜರ್ಮ್ಯಾನಿಕಸ್ಸನ ದಂಡಯಾತ್ರೆಗಳಲ್ಲಿ ಎರಡು ಹದ್ದುಗಳು ಸಿಕ್ಕಿದುವು; ಮೂರನೆಯದು ಕ್ಲಾಡಿಯಸ್ಸನ ಕಾಲದಲ್ಲಿ, ಕ್ರಿ.ಶ. 41ರಲ್ಲಿ, ದೊರಕಿತು. ಹದ್ದುಗಳು ಮೂರೂ ಮರಳಿದರೂ ಆ ಮೂರು ಸಂಖ್ಯೆಗಳನ್ನು ರೋಮನರು ಮತ್ತೆಂದೂ ಯಾವ ಲೀಜನ್ನಿಗೂ ಇಡಲಿಲ್ಲ.

ಇನ್ನೊಂದು ಸಂಗತಿಯೂ ಗಮನಿಸತಕ್ಕದ್ದು. ಆಫ್ರಿಕಾ ಪ್ರಾಂತವನ್ನು ತಲೆತಲಾಂತರದಿಂದ ಕಾಯುತ್ತಿದ್ದ ‘ಮೂರನೆಯ ಆಗಸ್ಟಾ’ ಎಂಬ ಲೀಜನ್ ಕ್ರಿ.ಶ. 238ರಲ್ಲಿ ಸಿಂಹಾಸನದ ಜಗಳದಲ್ಲಿ ಸೋಲುವ ಪಕ್ಷವನ್ನು ಹಿಡಿದ ಕಾರಣ ಅದನ್ನು ವಿಸರ್ಜಿಸಿ, ಶಿಲಾಶಾಸನಗಳಲ್ಲಿದ್ದ ಅದರ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಸಿದರು. 253ರಲ್ಲಿ ಅದನ್ನು ಮತ್ತೆ ಸ್ಥಾಪಿಸಿದಾಗ, ಕೆತ್ತಿದ ಕಲ್ಲುಗಳ ಮೇಲೆಯೇ ಹೆಸರನ್ನು ಪುನಃ ಬರೆಸಿದ ಉದಾಹರಣೆಗಳುಂಟು. ಇದರಿಂದ ರೋಮನರ ಉತ್ತರವು ಸ್ಪಷ್ಟವಾಗುತ್ತದೆ: ಲಾಂಛನವು ದಂಡಿನದು. ದಂಡಿನ ಹೆಸರು, ಸಂಖ್ಯೆ, ಹದ್ದು ಇವು ಒಂದೇ ಜೀವದ ಅಂಗಗಳು; ಅವುಗಳಿಗೆ ಹುಟ್ಟೂ ಸಾವೂ ಒಟ್ಟಿಗೆ.

ಈ ರೋಮನರು ಕನ್ನಡನಾಡಿಗೆ ತೀರ ಅಪರಿಚಿತರಲ್ಲ. ಅವರ ದಂಡು ಇಲ್ಲಿಗೆ ಬರಲಿಲ್ಲ. ಅವರ ಹಣವು ಬಂದಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲಿ ಶಾತವಾಹನರ ಕಾಲದ ಅವಶೇಷಗಳೊಡನೆ ಟೈಬೀರಿಯಸ್ಸನ ಬೆಳ್ಳಿಯ ನಾಣ್ಯವು ದೊರೆತಿದೆ. ಕಳೆದುಹೋದ ಹದ್ದುಗಳನ್ನು ಹುಡುಕುವುದಕ್ಕೆ ದಂಡು ಹೋದದ್ದು ಈ ಟೈಬೀರಿಯಸ್ಸನ ಆಳಿಕೆಯಲ್ಲಿಯೇ. ಆ ನಾಣ್ಯವು ಸಿಕ್ಕಿದ ಚಂದ್ರವಳ್ಳಿಯಲ್ಲಿಯೇ ಕದಂಬ ಮಯೂರಶರ್ಮನ ಶಾಸನವೂ ಇದೆ. ಆ ಮಯೂರಶರ್ಮನ ವಂಶದ ಕಥೆಯನ್ನು ವಿಸ್ತಾರವಾಗಿ ಹೇಳುವ ಸ್ತಂಭಶಾಸನವಿರುವುದು ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ. ಆದಕಾರಣ ಕನ್ನಡ ಅರಸರ ಧ್ವಜಗಳ ವಿಚಾರವನ್ನು ಕದಂಬರಿಂದಲೇ ಆರಂಭಿಸುವುದು ಉಚಿತ.

ಕನ್ನಡದ ಶಾಸನಗಳಲ್ಲಿ ಲಾಂಛನ, ಧ್ವಜ ಎಂಬ ಎರಡು ಮಾತುಗಳು ಬೇರೆಬೇರೆಯಾಗಿ ಬರುತ್ತವೆ. ಲಾಂಛನವು ಮುದ್ರೆಯಲ್ಲಿಯೂ ನಾಣ್ಯದಲ್ಲಿಯೂ ಒತ್ತುವ ಗುರುತು. ಧ್ವಜವು ಸೇನೆಯ ಮುಂದೆ ಎತ್ತುವ ಗುರುತು. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಹಾನಗಲ್ಲು ಮತ್ತು ಗೋವೆಯ ಕದಂಬರಿಗೆ ಲಾಂಛನವು ಸಿಂಹ, ಧ್ವಜವು ವಾನರ. ಅವರ ವಾದ್ಯಕ್ಕೆ ಪೆರ್ಮಟ್ಟಿಯೆಂದು ಹೆಸರು. ಗಂಗರಿಗೆ ಮದದಾನೆಯ ಲಾಂಛನ, ನವಿಲುಗರಿಯ ಪಿಂಛಧ್ವಜ. ಸೌಂದತ್ತಿಯ ರಟ್ಟರಿಗೆ ಸಿಂಧೂರಲಾಂಛನ, ಸುವರ್ಣಗರುಡಧ್ವಜ. ಚಾಲುಕ್ಯರ ವರಾಹಲಾಂಛನವು ನಾರಾಯಣನ ಪ್ರಸಾದದಿಂದ ಬಂದುದೆಂದು ಅವರ ತಾಮ್ರಶಾಸನಗಳು ಸಾರುತ್ತವೆ. ರಾಷ್ಟ್ರಕೂಟರ ಮುದ್ರೆಯಲ್ಲಿ ಗರುಡನಿದ್ದಾನೆ. ಅರಸನ ಬಿರುದಾವಳಿಯನ್ನು ಹೊಗಳುಭಟನು ಹೇಳುವಾಗ ಇವೆಲ್ಲವೂ ಅವನ ಕುಲದ ಹೆಸರಿನೊಡನೆ ಸೇರಿಯೇ ಬರುತ್ತವೆ. ಇಂಥ ದಂಡಿಗೆ ಇಂಥ ಧ್ವಜವೆಂದು ಹೇಳುವ ವಾಡಿಕೆ ಕಾಣುವುದಿಲ್ಲ. ಇಂಥ ಕುಲಕ್ಕೆ ಇಂಥ ಧ್ವಜವೆಂದೇ ಹೇಳಿಕೆ.

ಧ್ವಜವು ಕುಲದ ಸೊತ್ತಾದ್ದರಿಂದ ಅದನ್ನು ಸೊತ್ತಿನಂತೆಯೇ ಗೆದ್ದುಕೊಳ್ಳಬಹುದಾಗಿತ್ತು. ಬಾದಾಮಿಯ ಚಾಲುಕ್ಯ ವಿನಯಾದಿತ್ಯನು ಉತ್ತರಾಪಥದ ಒಡೆಯನನ್ನು ಸೋಲಿಸಿ ಪಾಳಿಧ್ವಜವೇ ಮೊದಲಾದ ರಾಜಚಿಹ್ನೆಗಳನ್ನು ಸಂಪಾದಿಸಿದನೆಂದು ಆ ವಂಶದ ಶಾಸನಗಳಲ್ಲಿದೆ. ಪಾಳಿಯೆಂದರೆ ಸಾಲು, ಸಾಲುಸಾಲಾಗಿ ಎತ್ತುವ ಧ್ವಜಗಳ ಸಮೂಹವೇ ಪಾಳಿಧ್ವಜ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಇಂಥ ಧ್ವಜಗಳ ವರ್ಣನೆ ದೊರೆಯುತ್ತದೆ. ಅದರಂತೆ ಹತ್ತು ಬಗೆಯ ಗುರುತುಗಳು. ಒಂದೊಂದು ಬಗೆಗೆ 108 ಧ್ವಜಗಳು. ಒಂದು ದಿಕ್ಕಿಗೆ 1,080. ನಾಲ್ಕು ದಿಕ್ಕುಗಳಿಗೂ ಸೇರಿ 4,320. ರೋಮಿನ ಲೀಜನ್ನಿಗೆ ಹದ್ದು ಒಂದೇ ಆಗಿದ್ದುದರಲ್ಲಿ ಗೌರವವಿದ್ದರೆ, ಇಲ್ಲಿ ಧ್ವಜಗಳು ಅಸಂಖ್ಯವಾಗಿರುವುದರಲ್ಲಿ ಗೌರವವಿತ್ತು.

ಈ ಮನೋಭಾವದ ಪರಾಕಾಷ್ಠೆಯನ್ನು ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ನೇಸರಿಯ ತಾಮ್ರಶಾಸನದಲ್ಲಿ ಕಾಣಬಹುದು. ಶಕ 727ರ, ಎಂದರೆ ಕ್ರಿ.ಶ. 805ರ, ಈ ಶಾಸನದಲ್ಲಿ ಅವನು ಸೋತ ಅರಸರಿಂದ ಕಿತ್ತುಕೊಂಡ ಲಾಂಛನಗಳ ಪಟ್ಟಿಯೇ ಇದೆ. ಪಾಂಡ್ಯನಿಂದ ಮೀನು, ಪಲ್ಲವನಿಂದ ವೃಷಭ, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ವಂಗದ ಧರ್ಮನಿಂದ ತಾರಾದೇವಿ. ಅವನ ತಂದೆಯಾದ ಧ್ರುವನಾದರೋ ವತ್ಸರಾಜನನ್ನು ಸೋಲಿಸಿ, ಆತನು ಗೌಡನಿಂದ ಹಿಂದೆ ಕಿತ್ತುಕೊಂಡಿದ್ದ ಎರಡು ಬೆಳ್ಗೊಡೆಗಳನ್ನು ತಾನು ಕಿತ್ತುಕೊಂಡನು. ಗೌಡನ ಕೊಡೆ ಗುರ್ಜರನಿಗೆ, ಗುರ್ಜರನ ಕೊಡೆ ಕನ್ನಡಿಗನಿಗೆ. ಹೀಗೆ ರಾಜಚಿಹ್ನೆಯು ಕೈಯಿಂದ ಕೈಗೆ ಹೋಗುತ್ತಿದ್ದಿತು. ಆದರೆ ಮೀನನ್ನು ಕಿತ್ತುಕೊಂಡ ಮಾತ್ರಕ್ಕೆ ಪಾಂಡ್ಯರು ಮೀನನ್ನು ಬಿಡಲಿಲ್ಲ. ಹುಲಿಯನ್ನು ಕಳೆದುಕೊಂಡ ಚೋಳರು ಮುಂದೆ ಅದೇ ಹುಲಿಯ ಹೆಸರಿನಲ್ಲಿ ರಾಷ್ಟ್ರಕೂಟರ ನಾಡಿಗೇ ನುಗ್ಗಿ ಬಂದರು. ಕುಲವಿರುವವರೆಗೆ ಲಾಂಛನಕ್ಕೆ ಸಾವಿಲ್ಲ. ಕುಲವು ಅಳಿದರೆ ಅದನ್ನು ಅಳುವವರೂ ಇಲ್ಲ. ಇದು ಕನ್ನಡನಾಡಿನ ಅರಸರು ಕೊಟ್ಟ ಉತ್ತರ.

ಹಾಗಾದರೆ ಭಟನ ನಿಷ್ಠೆಯು ಯಾವುದಕ್ಕೆ ಅಂಟಿಕೊಂಡಿತ್ತು? ಧ್ವಜಕ್ಕಲ್ಲ, ಒಡೆಯನಿಗೆ. ಇದಕ್ಕೆ ಹೊಯ್ಸಳರ ಗರುಡರೇ ಸಾಕ್ಷಿ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರಿಗೆ ಹೊಯ್ಸಳರ ಆಳಿಕೆಯು ಭದ್ರಾನದಿಯ ದಡದವರೆಗೂ ಎಷ್ಟು ಬಲವಾಗಿ ಹರಡಿತ್ತೆಂಬುದು ಗೊತ್ತಿರುವುದು. ಹದಿಮೂರನೆಯ ಶತಮಾನದ ಆ ತ್ರಿಕೂಟಾಲಯವನ್ನು ಕಟ್ಟಿದ ಕಾಲದ ಸಮಾಜದಲ್ಲಿ, ಒಡೆಯನು ಸತ್ತ ದಿನವೇ ತಾವೂ ಸಾಯುವೆವೆಂದು ಪ್ರತಿಜ್ಞೆ ಮಾಡಿದ ವೀರರಿದ್ದರು. ವಿಷ್ಣುವಿಗೆ ಗರುಡನು ಹೇಗೋ ಅರಸನಿಗೆ ತಾವು ಹಾಗೆಂದು ಅವರಿಗೆ ಗರುಡರೆಂಬ ಹೆಸರು. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕನಾದ ಕುವರಲಕ್ಷ್ಮನು ತನ್ನ ಪತ್ನಿ ಸುಗ್ಗಲದೇವಿಯೊಡನೆಯೂ ಸಾವಿರ ವೀರರೊಡನೆಯೂ ಪ್ರಾಣಾರ್ಪಣೆ ಮಾಡಿದನೆಂದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಲ್ಲಿರುವ ಸ್ತಂಭಶಾಸನವು ತಿಳಿಸುತ್ತದೆ. ಆ ಕಂಬದ ಮೇಲೆ ತಮ್ಮನ್ನು ತಾವೇ ಕತ್ತಿಯಿಂದ ಇರಿದುಕೊಳ್ಳುವ ವೀರರ ಶಿಲ್ಪಗಳಿವೆ.

ರೋಮಿನ ಭಟನೂ ಪ್ರತಿಜ್ಞೆ ಮಾಡುತ್ತಿದ್ದನು. ವರ್ಷ ವರ್ಷವೂ ಅದನ್ನು ಹೊಸದು ಮಾಡುತ್ತಿದ್ದನು. ಆದರೆ ಚಕ್ರವರ್ತಿಯು ಸತ್ತರೆ ಅವನು ಸಾಯುತ್ತಿರಲಿಲ್ಲ. ಅದೇ ಹದ್ದಿನ ಕೆಳಗೆ ಮುಂದಿನವನಿಗೆ ಪ್ರತಿಜ್ಞೆ ಮಾಡುತ್ತಿದ್ದನು. ನಿಷ್ಠೆಯ ತೀವ್ರತೆಯಲ್ಲಿ ಗರುಡನಿಗೆ ಸಮನಾದವನು ರೋಮಿನಲ್ಲಿ ಸಿಕ್ಕಲಾರನು. ನಿಷ್ಠೆಯ ಬಾಳಿಕೆಯಲ್ಲಿ ಮಾತ್ರ ರೋಮನರದೇ ಮೇಲು. ಒಬ್ಬ ಅರಸನಿಗಾಗಿ ಸಾವಿರ ವೀರರು ಒಂದೇ ದಿನ ಅಳಿದರೆ ಮರುದಿನ ನಾಡನ್ನು ಕಾಯುವವರಲ್ಲಿ ಸಾವಿರ ಜನರು ಕಡಮೆಯಾದರೆಂದೇ ಲೆಕ್ಕ. ವೀರಗಲ್ಲುಗಳನ್ನು ಕಂಡು ಕೈಮುಗಿಯುವಾಗ ಈ ನಷ್ಟವನ್ನೂ ನೆನೆಯಬೇಕಾದದ್ದು ನ್ಯಾಯ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಇಮ್ಮಡಿ ಬಲ್ಲಾಳನಿಗಿಂತ ನೂರೈವತ್ತು ವರ್ಷಗಳಿಗೂ ಹಿಂದಿನ ಬಳ್ಳಿಗಾವೆಯ ಕಂಬದ ಬಳಿಗೆ ಹೋಗೋಣ. ಶಿಕಾರಿಪುರ ತಾಲ್ಲೂಕಿನ ಈ ಗ್ರಾಮವು ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರದ ಮುಖ್ಯ ಪಟ್ಟಣವಾಗಿ, ದೇವಾಲಯಗಳಿಗೂ ಮಠಗಳಿಗೂ ವಿದ್ಯೆಗೂ ಹೆಸರಾಗಿತ್ತು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ ಆ ನಾಡನ್ನು ಆಳುತ್ತಿದ್ದವನು ಮಹಾಮಂಡಳೇಶ್ವರ ಚಾಮುಂಡರಾಯ. ಅವನ ಬಿರುದುಗಳಲ್ಲಿ ‘ಗಂಡಭೇರುಂಡ’ ಎಂಬುದೂ ಒಂದು. ಶಕ 969ರಲ್ಲಿ, ಎಂದರೆ ಕ್ರಿ.ಶ. 1047ರಲ್ಲಿ, ಅವನು ಜಗದೇಕಮಲ್ಲೇಶ್ವರ ದೇವರ ಎದುರಿಗೆ ಗಂಡಭೇರುಂಡದ ಕಂಬವನ್ನು ನಿಲ್ಲಿಸಿದನು.

ಕಂಬವು ಸುಮಾರು 30 ಅಡಿ ಎತ್ತರವಾಗಿದೆ. ಬುಡದಲ್ಲಿ ಚೌಕವಾಗಿದ್ದು ಮೇಲೆ ದುಂಡಾಗುತ್ತದೆ. ಗಾತ್ರವು ಒಂದೂವರೆ ಅಡಿಯಷ್ಟೇ ಆದುದರಿಂದ ನೋಡುವವರಿಗೆ ಇಷ್ಟು ಸಪುರವಾದ ಕಲ್ಲು ಇಷ್ಟು ಕಾಲ ಹೇಗೆ ನಿಂತಿತೆಂದು ಆಶ್ಚರ್ಯವಾಗುತ್ತದೆ. ತುದಿಯ ಪೀಠದ ಮೇಲೆ ಸುಮಾರು 4 ಅಡಿಯ ಭೇರುಂಡ ಮೂರ್ತಿ. ಇದು ನಾಣ್ಯಗಳಲ್ಲಿಯೂ ರಾಜಮುದ್ರೆಗಳಲ್ಲಿಯೂ ಕಾಣುವ ರೆಕ್ಕೆ ಹರಡಿದ ಹಕ್ಕಿಯಲ್ಲ. ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆಗಳುಳ್ಳ ವೀರನ ಆಕೃತಿ. ಗಂಡನೆಂದರೆ ಶೂರ, ‘ಮಂಡಳಿಕರ ಗಂಡ’ ಎಂಬಂಥ ಬಿರುದುಗಳಲ್ಲಿ ಆ ಅರ್ಥವೇ ಇದೆ. ಎರಡು ತಲೆಯ ಭೇರುಂಡದಂತೆ ಶತ್ರುಗಳನ್ನು ಕುಕ್ಕುವ ಶೂರನೆಂಬ ಬಿರುದಿಗೆ ಶಿಲ್ಪಿಯು ಕೊಟ್ಟ ರೂಪವಿದು. ಇಲ್ಲಿ ಎರಡು ವಿಶೇಷಗಳುಂಟು. ಈ ಗುರುತು ಸಾರ್ವಭೌಮನದಲ್ಲ, ಅವನ ಸಾಮಂತನಾದ ಒಬ್ಬ ಸೇನಾನಿಯದು. ಚಾಲುಕ್ಯರ ಲಾಂಛನವು ವರಾಹವಾಗಿಯೇ ಉಳಿಯಿತು. ಎರಡನೆಯದಾಗಿ, ಇದು ಹೊತ್ತು ನಡೆಯುವ ಧ್ವಜವಲ್ಲ, ನೆಟ್ಟು ನಿಲ್ಲಿಸಿದ ಧ್ವಜ. ಶತ್ರುವು ಇದನ್ನು ಕಿತ್ತುಕೊಂಡು ಹೋಗಿ ತನ್ನ ಬಿರುದಿನ ಪಟ್ಟಿಗೆ ಸೇರಿಸಿಕೊಳ್ಳುವ ಹಾಗಿರಲಿಲ್ಲ.

ಆದರೆ ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಆ ಪ್ರದೇಶದ ಶಾಸನಗಳಲ್ಲಿ ಭೂಮಿಯನ್ನು ದಾನಮಾಡುವಾಗ ‘ಭೇರುಂಡ ಗಳೆ’ ಎಂಬ ಅಳತೆಯ ಹೆಸರು ಬರುತ್ತದೆ. ಗಳೆಯೆಂದರೆ ಅಳತೆಗೋಲು. ಇಷ್ಟು ಮತ್ತರು ಗದ್ದೆ, ಇಷ್ಟು ಕಮ್ಮ ತೋಟ ಎಂದು ದೇವರಿಗೂ ವಿದ್ಯಾರ್ಥಿಗಳ ಅನ್ನಕ್ಕೂ ಬಿಟ್ಟ ಭೂಮಿಯನ್ನು ಈ ಗಳೆಯಿಂದ ಅಳೆದು ಕೊಡುತ್ತಿದ್ದರು. ಯುದ್ಧದಲ್ಲಿ ಶತ್ರುಗಳನ್ನು ಹೆದರಿಸುವುದಕ್ಕೆ ಹುಟ್ಟಿದ ಹೆಸರು ಹೊಲಗದ್ದೆಗಳ ಎಲ್ಲೆಯನ್ನು ಗೊತ್ತುಪಡಿಸುವ ಹೆಸರಾಯಿತು. ರೋಮಿನ ಹದ್ದನ್ನು ಕಂಡ ಒಕ್ಕಲಿಗನು ದಂಡು ಬಂದಿತೆಂದು ಅಂಜುತ್ತಿದ್ದನು. ಬಳ್ಳಿಗಾವೆಯ ಒಕ್ಕಲಿಗನಿಗೆ ಭೇರುಂಡವು ತನ್ನ ಹೊಲದ ಅಳತೆಗೆ ಹೆಸರಾಗಿತ್ತು.

ಚಾಮುಂಡರಾಯನು ಹೋದನು; ಚಾಲುಕ್ಯರೂ ಹೋದರು. ಭೇರುಂಡವು ಹೋಗಲಿಲ್ಲ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವುದನ್ನು ಅದರಲ್ಲಿ ಸಾಲಾಗಿ ತೋರಿಸಿದೆ. ಬಲಕ್ಕೆ ಮೀರಿದ ಬಲವುಂಟೆಂಬ ನೀತಿಯು ಅಲ್ಲಿ ಕಲ್ಲಿನಲ್ಲಿ ಮೂಡಿದೆ. ವಿಜಯನಗರದ ಅಚ್ಯುತರಾಯನು (1529–1542) ಆನೆಗಳನ್ನು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಹಿಡಿದ ಗಂಡಭೇರುಂಡವನ್ನು ತನ್ನ ಚಿನ್ನದ ನಾಣ್ಯಗಳ ಮೇಲೆ ಒತ್ತಿಸಿದನು. ಶಿವಮೊಗ್ಗ ಸೀಮೆಯನ್ನಾಳಿದ ಕೆಳದಿಯ ನಾಯಕರ ಮೂಲಸ್ಥಾನವಾದ ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಭುವನೇಶ್ವರಿಯನ್ನು ತಲೆಯೆತ್ತಿ ನೋಡಿದರೆ ಅಲ್ಲಿಯೂ ಗಂಡಭೇರುಂಡವಿದೆ. ನಾಣ್ಯಗಳ ಮೇಲೆ ಉಮಾಮಹೇಶ್ವರರನ್ನು ಒತ್ತಿಸಿದ ಆ ಶಿವಭಕ್ತರು ಭೇರುಂಡಕ್ಕೆ ದೇವಾಲಯದ ಮಾಡಿನಲ್ಲಿ ಎಡೆಕೊಟ್ಟರು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ಕೆಳದಿಯ ಅರಸೊತ್ತಿಗೆಯೂ ಮುಗಿಯಿತು. ಶಿವಮೊಗ್ಗ ನಗರದಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡದ ಆವರಣದಲ್ಲಿ ಇಂದು ಸುತ್ತಲಿನ ಊರುಗಳಿಂದ ತಂದ ವೀರಗಲ್ಲುಗಳೂ ಶಿಲ್ಪಗಳೂ ಇವೆ. ಯಾವ ಧ್ವಜದ ಕೆಳಗೆ ಆ ವೀರರು ಬಿದ್ದರೆಂಬುದು ನೋಡುವವರಲ್ಲಿ ಬಹುಮಂದಿಗೆ ತಿಳಿಯದು. ಆದರೂ ಊರಿನ ದನಗಳನ್ನು ಬಿಡಿಸಿಕೊಳ್ಳುವಾಗ, ಹೆಂಗಸರ ಮಾನವನ್ನು ಕಾಯುವಾಗ ಸತ್ತವರೆಂಬ ನೆನಪಿಗಾಗಿಯೇ ಇಂಥ ಕಲ್ಲುಗಳನ್ನು ನೆಡುತ್ತಿದ್ದರೆಂಬುದು ಎಲ್ಲರಿಗೂ ಗೊತ್ತು. ಅಷ್ಟು ನೆನಪು ಉಳಿದುದೇ ದೊಡ್ಡದು.

ಮೈಸೂರಿನ ಒಡೆಯರ ರಾಜಲಾಂಛನವಾಗಿ ಗಂಡಭೇರುಂಡವು ಮತ್ತೆ ಸೇನೆಯ ಜೊತೆಗೆ ಬಂದಿತು. 1918ರಲ್ಲಿ ನಡೆದ ಎರಡು ಕಾರ್ಯಗಳನ್ನು ಇಲ್ಲಿ ಒಟ್ಟಿಗೆ ಹೇಳಬಹುದು. ಆ ವರ್ಷದ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಭರ್ಜಿ ಸವಾರರ ದಳವಾದ ಮೈಸೂರು ಲ್ಯಾನ್ಸರ್ಸ್, ಜೋಧಪುರದ ಸವಾರರೊಡನೆ ಸೇರಿ, ಪ್ಯಾಲೆಸ್ಟೈನಿನ ಹೈಫಾ ನಗರವನ್ನು ತುರ್ಕರಿಂದ ಗೆದ್ದಿತು. ಫಿರಂಗಿಗಳಿಗೂ ಯಂತ್ರತುಪಾಕಿಗಳಿಗೂ ಎದುರಾಗಿ ಕುದುರೆಯ ಮೇಲೆ ನುಗ್ಗಿ ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿದ ಆ ಸಾಹಸವನ್ನು ಲೋಕವೆಲ್ಲ ಕೊಂಡಾಡಿತು. ಒಂದು ಕಾಲಕ್ಕೆ ರೋಮಿನ ಲೀಜನ್ನುಗಳು ಹದ್ದನ್ನು ಹೊತ್ತು ತುಳಿದ ನೆಲವೂ ಅದೇ. ಅದೇ ವರ್ಷ ಅದೇ ಸಂಸ್ಥಾನವು ಭದ್ರಾನದಿಯ ದಡದಲ್ಲಿ, ಬೆಂಕಿಪುರವೆಂದು ಕರೆಯುತ್ತಿದ್ದ ಊರಿನಲ್ಲಿ, ಕಬ್ಬಿಣದ ಕಾರ್ಖಾನೆಯನ್ನು ಕಟ್ಟಲು ಕೈಹಾಕಿತು. 1923ರ ಜನವರಿಯಲ್ಲಿ ಅಲ್ಲಿಯ ಕುಲುಮೆಯಿಂದ ಕಬ್ಬಿಣವು ಹರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಿಲು ಇವುಗಳಿಂದ ಬೆಳೆದ ಆ ಊರೇ ಈಗಿನ ಭದ್ರಾವತಿ. ಒಂದೇ ಗಂಡಭೇರುಂಡವು ಅಲ್ಲಿ ಭರ್ಜಿಯನ್ನೂ ಇಲ್ಲಿ ಕುಲುಮೆಯನ್ನೂ ಆಳಿತು. ಬಳ್ಳಿಗಾವೆಯಲ್ಲಿ ಬಿರುದಿನ ಹೆಸರೇ ಅಳತೆಗೋಲಿನ ಹೆಸರಾದ ಹಳೆಯ ಕಥೆಯು ಹೊಸ ರೂಪದಲ್ಲಿ ಮತ್ತೆ ನಡೆದಂತಾಯಿತು.

ಹೈಫಾದಲ್ಲಿಯೂ ಅದರ ಸುತ್ತಲಿನ ಯುದ್ಧಗಳಲ್ಲಿಯೂ ಮಡಿದವರ ನೆನಪಿಗಾಗಿ 1922ರಲ್ಲಿ ದೆಹಲಿಯಲ್ಲಿ ಮೂರು ಸೈನಿಕರ ಪ್ರತಿಮೆಗಳನ್ನು ನಿಲ್ಲಿಸಿದರು. ಹೈದರಾಬಾದು, ಜೋಧಪುರ, ಮೈಸೂರು ಇವುಗಳಿಗೆ ಒಂದೊಂದು. ತೀನ್ ಮೂರ್ತಿಯೆಂದು ಪ್ರಸಿದ್ಧವಾದದ್ದು ಅದೇ. ಬೆಂಗಳೂರಿನಲ್ಲಿಯೂ ಮೈಸೂರು ಸವಾರರ ಸ್ಮಾರಕಸ್ತಂಭವೊಂದಿದೆ. ಸ್ವಾತಂತ್ರ್ಯಾನಂತರ 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಒಂದುಗೂಡಿಸಿ ಭಾರತದ 61ನೆಯ ಅಶ್ವದಳವನ್ನು ರಚಿಸಿದಾಗ ಮೈಸೂರು ಲ್ಯಾನ್ಸರ್ಸ್ ಎಂಬ ಪ್ರತ್ಯೇಕವಾದ ಹೆಸರು ನಿಂತಿತು. ರೋಮಿನ ರೀತಿಯಲ್ಲಿಯಾಗಿದ್ದರೆ ಆ ದಳದೊಡನೆ ಅದರ ಗುರುತೂ ಮುಗಿಯಬೇಕಾಗಿತ್ತು. ಅರಸರ ಪದ್ಧತಿಯಂತಾಗಿದ್ದರೆ ಸಂಸ್ಥಾನದೊಡನೆಯಾದರೂ ಮುಗಿಯಬೇಕಾಗಿತ್ತು. ಎರಡೂ ಆಗಲಿಲ್ಲ. ಕರ್ನಾಟಕ ರಾಜ್ಯದ ಮುದ್ರೆಯ ನಡುವೆ, ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವು ಇಂದಿಗೂ ಇದೆ; ಮೇಲೆ ಅಶೋಕನ ಸಿಂಹಗಳು, ಕೆಳಗೆ ಸತ್ಯದ ಜಯವನ್ನು ಹೇಳುವ ಉಪನಿಷದ್ವಾಕ್ಯ.

ಈ ಮೂರನ್ನೂ ಹೋಲಿಸಿ ನೋಡಿದರೆ ಒಂದು ತತ್ತ್ವವು ಹೊಳೆಯುತ್ತದೆ. ದಂಡಿಗೆ ಮಾತ್ರ ಸೇರಿದ ಗುರುತು ದಂಡಿನೊಡನೆ ಅಳಿಯುವುದು. ಅರಸನಿಗೆ ಮಾತ್ರ ಸೇರಿದ ಗುರುತು ಅವನ ಕುಲದೊಡನೆ ಅಳಿಯುವುದು. ಯಾವ ಗುರುತನ್ನು ಶಿಲ್ಪಿಯು ದೇವಾಲಯಕ್ಕೂ, ಅಕ್ಕಸಾಲೆಯು ನಾಣ್ಯಕ್ಕೂ, ಒಕ್ಕಲಿಗನು ಹೊಲದ ಅಳತೆಗೂ ಒಯ್ದರೋ ಆ ಗುರುತು ಒಬ್ಬರದಾಗಿ ಉಳಿಯಲಿಲ್ಲ, ನಾಡಿನದಾಯಿತು, ಆದುದರಿಂದಲೇ ಉಳಿಯಿತು. ಸಾವಿರ ವರ್ಷಕ್ಕೆ ಸಮೀಪವಾದ ಆ ಕಂಬವನ್ನು ಚಾಮುಂಡರಾಯನು ತನ್ನ ಬಿರುದಿಗಾಗಿಯೇ ನಿಲ್ಲಿಸಿರಬಹುದು. ಇಂದು ಆ ಕಂಬದ ಕೆಳಗೆ ನಿಂತವನಿಗೆ ಆ ಬಿರುದಿನ ಅಬ್ಬರವು ಕೇಳುವುದಿಲ್ಲ. ತಾನು ಓದಿದ ಶಾಲೆಯ ಪ್ರಮಾಣಪತ್ರದಲ್ಲಿಯೂ ತನ್ನ ಜಮೀನಿನ ಕಾಗದದಲ್ಲಿಯೂ ಕಂಡ ಎರಡು ತಲೆಯ ಹಕ್ಕಿಯೇ ಇಲ್ಲಿ ಮನುಷ್ಯರೂಪದಿಂದ ನಿಂತಿದೆಯೆಂದು ತಿಳಿಯುತ್ತದೆ.